ನೀರು ಎಲ್ಲಿ ಮುಟ್ಟಿದರೆ ಎದ್ದು ಹೊರಡಬೇಕು?

2023ರ ಅಕ್ಟೋಬರ್ 12 ನೆನಪಿದೆಯಾ? ಅವತ್ತು ಕರ್ನಾಟಕದಲ್ಲಿ ಎಲ್ಲರ ಮೊಬೈಲೂ ಒಟ್ಟಿಗೆ ಕಿರುಚಿಕೊಂಡವು. ಸೈಲೆಂಟ್‌ನಲ್ಲಿಟ್ಟ ಫೋನುಗಳೂ ಬಿಡಲಿಲ್ಲ. ವಿಪತ್ತಿನ ಎಚ್ಚರಿಕೆ ಎಲ್ಲರಿಗೂ ತಲುಪುತ್ತದಾ ಎಂದು ನೋಡಲು ಸರ್ಕಾರ ಮಾಡಿದ ಪರೀಕ್ಷೆ ಅದು. ನಮ್ಮ ಆಫೀಸಿನಲ್ಲಿ ಒಂದು ಕ್ಷಣ ಎಲ್ಲರೂ ತಲೆ ಎತ್ತಿದರು. ಆಮೇಲೆ ಮೆಸೇಜ್ ಓದಿ ನಕ್ಕರು. ಯಾರೋ ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ ಹಾಕಿದರು, ಉಳಿದವರು ಚಹಾಕ್ಕೆ ಹೋದರು. ಆ ಮೆಸೇಜಿನಲ್ಲಿ ಒಂದು ಸಾಲಿತ್ತು: ಇದು ಪರೀಕ್ಷೆ, ನಿಮ್ಮ ಕಡೆಯಿಂದ ಏನೂ ಮಾಡಬೇಕಾಗಿಲ್ಲ. ನನ್ನ ತಲೆಯಲ್ಲಿ ಸಿಕ್ಕಿಕೊಂಡಿದ್ದು ಅದೇ ಸಾಲು. ಪರೀಕ್ಷೆ ಅಲ್ಲದೆ ನಿಜವೇ ಆಗಿದ್ದರೆ? ಆಗ ಏನು ಮಾಡಬೇಕಿತ್ತು? ಫೋನಿನ ಕೆಲಸ ಕಿರುಚುವಲ್ಲಿಗೆ ಮುಗಿಯಿತು. ಅಲ್ಲಿಂದ ಮುಂದಿನದು ನಮ್ಮ ಮನೆಯದು. ಅವತ್ತು ಆ ಹಾಲ್‌ನಲ್ಲಿ ಕೂತಿದ್ದ ಯಾರ ಮನೆಯಲ್ಲೂ ಆ ಮುಂದಿನದು ತೀರ್ಮಾನ ಆಗಿರಲಿಲ್ಲ ಅಂತ ನನ್ನ ಅನುಮಾನ.

ಹೊಸ ವರ್ಷಕ್ಕೆ ಗುರಿ ಬರೆದುಕೊಳ್ಳುವವರ ಡೈರಿಯಲ್ಲಿ ಈಗೀಗ 'ಎಮರ್ಜೆನ್ಸಿ ಬ್ಯಾಗ್' ಅಂತಲೂ ಒಂದು ಸಾಲು ಇರುತ್ತದೆ. ಟಾರ್ಚ್, ಮೇಣದಬತ್ತಿ, ಬೆಂಕಿಪೊಟ್ಟಣ, ಒಣಹಣ್ಣು, ಸೀಟಿ. ಬ್ಯಾಗಿನ ಮೇಲೆ ನನಗೆ ಸಿಟ್ಟೇನಿಲ್ಲ, ನಮ್ಮನೆಯಲ್ಲೂ ಒಂದಿದೆ. ಆದರೆ ಅದನ್ನು ಯಾವಾಗ ಎತ್ತಿಕೊಳ್ಳಬೇಕು ಅಂತ ಬ್ಯಾಗ್ ಹೇಳುವುದಿಲ್ಲ. ಇನ್ನು 'ಎಲ್ಲದಕ್ಕೂ ಸಿದ್ಧವಾಗಿರಬೇಕು' ಅನ್ನುವ ಗುರಿಗೆ ಕೊನೆಯೇ ಇಲ್ಲ. ಮುಗಿಯಿತು ಅಂತ ಗೀಟು ಹೊಡೆಯಲು ಆಗುವುದೇ ಇಲ್ಲ. ಹಾಗಾಗಿ ಅದು 'ತೂಕ ಇಳಿಸಬೇಕು' ಅನ್ನುವುದರ ಪಕ್ಕದಲ್ಲಿ ಕೂತು ಮುಂದಿನ ವರ್ಷದ ಡೈರಿಗೆ ವರ್ಗವಾಗುತ್ತದೆ.

ಹೊಳಿ ದಂಡೆಯವರ ಲೆಕ್ಕ

ನನ್ನ ತವರು ಚಿಕ್ಕೋಡಿ ತಾಲೂಕಿನಲ್ಲಿ, ಕೃಷ್ಣಾ ನದಿಯ ದಂಡೆ ಮೇಲೆ. ಆ ಕಡೆ ಮಳೆಗಾಲದ ಪೇಪರ್ ಓದುವವರಿಗೆ ಒಂದು ವಾಕ್ಯ ಬಾಯಿಪಾಠ: ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್, ದೂಧಗಂಗಾದಿಂದ ಇಷ್ಟು ಕ್ಯೂಸೆಕ್, ಒಟ್ಟು ಕಲ್ಲೋಳ ಬಳಿ ಕೃಷ್ಣೆಗೆ ಇಷ್ಟು ಕ್ಯೂಸೆಕ್ ನೀರು ಹರಿದು ಬರುತ್ತಿದೆ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ದಿನಾ ಅಂಕಿ ಬದಲಾಗುತ್ತದೆ, ವಾಕ್ಯ ಬದಲಾಗುವುದಿಲ್ಲ. ಅದರ ಕೆಳಗೆ ಮಹಾರಾಷ್ಟ್ರದ ಮಹಾಬಳೇಶ್ವರ, ನವಜಾ, ವಾರಣಾ, ರಾಧಾನಗರಿಯಲ್ಲಿ ಬಿದ್ದ ಮಳೆ. ಪಕ್ಕದಲ್ಲಿ ಮುಳುಗಿದ ಸೇತುವೆಗಳ ಪಟ್ಟಿ: ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ. ನಮ್ಮ ಕಾಕಾ ಓದಿದ್ದು ನಾಲ್ಕನೇ ಇಯತ್ತೆ. ಆದರೂ ಕೊಯ್ನಾ ಡ್ಯಾಮಿನಲ್ಲಿ 105 ಟಿಎಂಸಿ (ಶತಕೋಟಿ ಘನ ಅಡಿ) ನೀರು ಹಿಡಿಯುತ್ತದೆ, ಆಲಮಟ್ಟಿ ತುಂಬುವುದು 519.60 ಮೀಟರಿಗೆ, ರಾಧಾನಗರಿಯ ಗೇಟು ಡ್ಯಾಮ್ ತುಂಬಿದರೆ ತಾನೇ ತೆರೆದುಕೊಳ್ಳುತ್ತದೆ ಅನ್ನುವುದೆಲ್ಲ ಅವನ ನಾಲಿಗೆ ತುದಿಯಲ್ಲಿದೆ. ಕೊಲ್ಹಾಪುರದ ರಾಜಾರಾಮ ಬಂಧಾರದಲ್ಲಿ ಪಂಚಗಂಗೆ 39 ಅಡಿ ಮುಟ್ಟಿದರೆ ಎಚ್ಚರಿಕೆ, 43 ಅಡಿ ಮುಟ್ಟಿದರೆ ಅಪಾಯ. ಆ ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಗೆ ಸೇರಿ ನಮ್ಮೂರಿಗೆ ಬರುವುದು. ಮೇಲೆ ಬಿಟ್ಟ ನೀರು ಕೆಳಗೆ ಬರಲು ಒಂದು-ಎರಡು ದಿನ ಹಿಡಿಯುತ್ತದೆ. ಹೊಳಿ ದಂಡೆಯವರ ಬದುಕು ನಿಂತಿರುವುದೇ ಆ ಒಂದು-ಎರಡು ದಿನದ ಮೇಲೆ.

ಕಾಕಾನ ಹೆಂಡತಿ ಕಾಕುಗೆ ಕ್ಯೂಸೆಕ್ ಬೇಡ. ಅವಳ ಲೆಕ್ಕ ಎಲ್ಲ ಮನೆ ಮುಂದೇ ಇದೆ. ನೀರು ಕಬ್ಬಿನ ಗದ್ದೆಗೆ ಬಂದರೆ ಅದು ಪ್ರತಿ ವರ್ಷದ ಮಾತು, ಅದಕ್ಕೆ ಯಾರೂ ಏಳುವುದಿಲ್ಲ. ಹನುಮಪ್ಪನ ಗುಡಿ ಕಟ್ಟೆಗೆ ಬಂದರೆ ಜೋಳದ ಚೀಲ ಅಟ್ಟ ಹತ್ತುತ್ತವೆ. ಗ್ಯಾಸ್ ಸಿಲಿಂಡರ್ ಬಿಚ್ಚಿ ಹಗ್ಗ ಹಾಕಿ ಕಂಬಕ್ಕೆ ಕಟ್ಟುತ್ತಾಳೆ, ಇಲ್ಲದಿದ್ದರೆ ಅದು ತೇಲಿಕೊಂಡು ಹೋಗುತ್ತದೆ. ನಮ್ಮ ಮನೆಯ ಕೆಳಗಿನ ಪಾವಟಿಗೆ, ಅಂದರೆ ಮೆಟ್ಟಿಲು, ಮುಟ್ಟಿದರೆ ಹುಡುಗರು, ಮುದುಕರು, ಎಮ್ಮೆ ಎಲ್ಲ ಮಡ್ಡಿ (ಎತ್ತರದ ನೆಲ) ಮೇಲಿನ ಬೀಗರ ಮನೆಗೆ. "ಪಾವಟಿಗಿ ಮುಟ್ಟಿದ ಮ್ಯಾಲ ಮಾತಿಲ್ಲ" ಅನ್ನುವುದು ಅವಳ ಮಾತು. ಚರ್ಚೆ ಇಲ್ಲ, ಇನ್ನೊಂದು ತಾಸು ನೋಡೋಣ ಅನ್ನುವುದಿಲ್ಲ. ಯಾರು ಏನು ಹೊರಬೇಕು ಅನ್ನುವುದೂ ಮೊದಲೇ ಗೊತ್ತು. ಟ್ರಂಕು ದೊಡ್ಡ ಮಗನದು, ದೇವರ ಜಗಲಿ ಸೊಸೆಯದು, ಎಮ್ಮೆ ಕಾಕಾನದು.

ತಯಾರಿಗೂ ಅವಳಿಗೆ ಒಂದು ಗಡುವಿದೆ. ಮಿರಗ ಕೂಡುವುದರೊಳಗೆ, ಅಂದರೆ ಜೂನ್ ಮೊದಲ ವಾರದೊಳಗೆ, ಕುಳ್ಳು-ಕಟ್ಟಿಗೆ ಅಟ್ಟಕ್ಕೆ ಹೋಗಬೇಕು. ಕಣಕಿ ಬಣವೆ ಮಡ್ಡಿ ಮೇಲೆ ಒಟ್ಟಬೇಕು. ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇರಬೇಕು. ಬೇಯಿಸದೆ ತಿನ್ನಬಹುದಾದ, ಕೆಡದ, ಮಕ್ಕಳೂ ಒಲ್ಲೆ ಅನ್ನದ ಊಟ. ಆನ್‌ಲೈನ್‌ನಲ್ಲಿ ಸಾವಿರಾರು ರೂಪಾಯಿಗೆ ಮಾರುವ 'ಸರ್ವೈವಲ್ ಫುಡ್' ನೋಡಿದಾಗೆಲ್ಲ ನನಗೆ ಆ ರೊಟ್ಟಿ ಡಬ್ಬಿ ನೆನಪಾಗಿ ನಗು ಬರುತ್ತದೆ.

ಗಮನಿಸಿ, ಕಾಕುವಿನ ಗುರಿಯಲ್ಲಿ 'ಸಿದ್ಧವಾಗಿರಬೇಕು' ಅನ್ನುವ ಮಾತೇ ಇಲ್ಲ. ಒಂದು ಗುರುತು, ಒಂದು ಕೆಲಸ, ಒಬ್ಬರ ಹೆಸರು. ನೀರು ಇಲ್ಲಿ ಮುಟ್ಟಿದರೆ, ಇದನ್ನು, ಇವರು ಮಾಡಬೇಕು. ಬಿಸಿಲಿರುವಾಗ ಮಾಡಿಟ್ಟ ತೀರ್ಮಾನ ಅದು. ಮಳೆ ಹೊಯ್ಯುವಾಗ, ಕರೆಂಟ್ ಹೋದಾಗ, ಮಕ್ಕಳು ಅಳುವಾಗ ಯಾರಿಗೂ ಬುದ್ಧಿ ನೆಟ್ಟಗೆ ಓಡುವುದಿಲ್ಲ ಅಂತ ಅವಳ ಅತ್ತೆಗೂ ಗೊತ್ತಿತ್ತು.

ಗುರುತು ಮುಳುಗಿದ ವರ್ಷ

2019ರ ನಾಗರ ಪಂಚಮಿ ಆಗಸ್ಟ್ 5ಕ್ಕೆ ಬಂದಿತ್ತು. ಪಂಚಮಿಗೆ ತವರಿಗೆ ಹೋಗದಿದ್ದರೆ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಸಮಾಧಾನ ಇರುವುದಿಲ್ಲ. ನಾನೂ ಹೋಗಿದ್ದೆ. ಆಶ್ಲೇಷಾ ಮಳೆ ಹಿಡಿದಿತ್ತು, ಬಿಡುವ ಲಕ್ಷಣವೇ ಇರಲಿಲ್ಲ. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರೂ ಕೂರುವವರಿಲ್ಲ. ಒಳಗೆ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಕಟ್ಟಿ ಬುಟ್ಟಿ ತುಂಬಿಸಿಟ್ಟಿದ್ದರು. ಹೊರಗೆ ಕಾಕಾ ಗೋಡೆ ನೋಡುತ್ತ ನಿಂತಿದ್ದ. ಆ ಗೋಡೆಯ ಮೇಲೆ 2005ರ ಹೊಳಿಯ ಗೆರೆ ಇತ್ತು. ಆ ವರ್ಷ ನೀರು ಅಲ್ಲಿಯವರೆಗೆ ಬಂದಿತ್ತು, ಅವನೇ ಸುಣ್ಣದಲ್ಲಿ ಎಳೆದಿದ್ದ. "ಇದಕ್ಕಿಂತ ಮ್ಯಾಲ ಹೆಂಗ ಬರತೈತಿ? ನಾ ಇಷ್ಟ ವರ್ಷ ನೋಡಿಲ್ಲೇನ" ಅಂದ. ಊರಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. 2005 ಅನ್ನುವುದು ಒಂದು ಭರವಸೆಯಂತೆ ಆಗಿಬಿಟ್ಟಿತ್ತು. ಅದು ಹಿಂದೆ ಬಂದಿದ್ದರಲ್ಲಿ ದೊಡ್ಡದು ಅಷ್ಟೇ, ಬರಬಹುದಾದದ್ದರಲ್ಲಿ ದೊಡ್ಡದು ಅಂತ ಯಾರೂ ಬರೆದುಕೊಟ್ಟಿರಲಿಲ್ಲ.

ಸಂಜೆಗೆ ಕೆಳಗಿನ ಪಾವಟಿಗೆ ಒದ್ದೆಯಾಯಿತು. ಕಾಕು ಆಗಲೇ ಸೆರಗು ಸಿಕ್ಕಿಸಿದ್ದಳು. ತೊಂದರೆ ಬಂದಿದ್ದು ಎಮ್ಮೆಯಿಂದ. ಎರಡರಲ್ಲಿ ಒಂದು ಗಬ್ಬ ಇತ್ತು, ಇವತ್ತೋ ನಾಳೆಯೋ ಈಯುವಂತಿತ್ತು. ಕೆಸರಿನಲ್ಲಿ ಅದನ್ನು ಮಡ್ಡಿವರೆಗೆ ಹೊಡೆಯಲು ಕಾಕಾಗೆ ಮನಸ್ಸಿಲ್ಲ. "ನೀವ್ ನಡೀರಿ. ನಾ ಎಮ್ಮಿ ಕೂಡ ಇರ್ತೀನಿ, ಮುಂಜಾನಿ ನೋಡೂಣು" ಅಂದ. ಮಕ್ಕಳನ್ನು ಮೊದಲು ಕಳಿಸೋಣ, ಆಮೇಲೆ ಕಾಕಾನನ್ನು ಒಪ್ಪಿಸೋಣ ಅಂತ ನಾನು ಅಂದೆ. ಕಾಕು ನನ್ನ ಮುಖ ನೋಡಿ, "ಎಮ್ಮಿ ಮೊದಲ ಹೋಗಲಿ. ಅದು ಹ್ವಾದ್ರ ಅವರು ತಾವ ಹಿಂದ ಬರ್ತಾರ" ಅಂದವಳೇ ಗೂಟದಿಂದ ಹಗ್ಗ ಬಿಚ್ಚಿದಳು. ತಾನೇ ಮುಂದೆ ನಡೆದಳು. ಕಾಕಾ ಬೈಯುತ್ತ, ಟಾರ್ಚ್ ಹಿಡಿದು, ಎಮ್ಮೆಯ ಬೆನ್ನಿಗೆ ಕೈ ಇಟ್ಟುಕೊಂಡು ಹಿಂದೆ ಹಿಂದೆ ಬಂದ. ನಾವು ಉಂಡಿ ಬುಟ್ಟಿ ಹೊತ್ತುಕೊಂಡು ಅವರ ಹಿಂದೆ. ರಾತ್ರಿ ಬೀಗರ ಪಡಸಾಲೆಯಲ್ಲಿ ಹತ್ತಾರು ಮಂದಿಗೆ ಆ ಉಂಡಿಯೇ ಊಟ. ಎಮ್ಮೆ ಅಲ್ಲೇ ಈಯಿತು, ಆರಾಮಾಗಿ.

ಆ ಸಲ ಹೊಳಿ 2005ರ ಗೆರೆ ದಾಟಿ ಮೇಲೆ ಹೋಯಿತು. ಮರುದಿನ ಮನೆಯಲ್ಲಿ ಉಳಿದಿದ್ದರೆ ಕಾಕಾನನ್ನು ದೋಣಿಯಲ್ಲಿ ತರಬೇಕಾಗುತ್ತಿತ್ತು. ದೋಣಿ ಅಂದರೆ ಏನು ಅಂತ ಅದೇ ವಾರ ಸಾಂಗ್ಲಿ ಜಿಲ್ಲೆಯ ಬ್ರಹ್ಮನಾಳ ಎಲ್ಲರಿಗೂ ತೋರಿಸಿತು. ಆಗಸ್ಟ್ 8ರಂದು ಅಲ್ಲಿ ಜನರನ್ನು ಸಾಗಿಸುತ್ತಿದ್ದ ದೋಣಿ ಭಾರ ಜಾಸ್ತಿಯಾಗಿ ಮಗುಚಿತು, ಹತ್ತಕ್ಕೂ ಹೆಚ್ಚು ಜನ ಸತ್ತರು. ಅವರೆಲ್ಲ ಹೊರಟವರೇ. ತಡವಾಗಿ ಹೊರಟವರು. ಆ ಮಳೆಗೆ ಕರ್ನಾಟಕದಲ್ಲಿ 22 ಜಿಲ್ಲೆಗಳ 103 ತಾಲೂಕುಗಳನ್ನು ನೆರೆಪೀಡಿತ ಅಂತ ಘೋಷಿಸಿದರು. ಎಷ್ಟು ಮನೆಗಳಲ್ಲಿ ಇಂಥದ್ದೇ ಒಂದು ಎಮ್ಮೆಯ ಜಗಳ ನಡೆದಿರಬೇಕು ಅಂತ ನಾನು ಆಗಾಗ ಯೋಚಿಸುತ್ತೇನೆ. ಜನ ಹಟಮಾರಿಗಳು, ಹೇಳಿದರೂ ಮನೆ ಬಿಡಲಿಲ್ಲ ಅಂತ ಟಿವಿಯವರು ಸಲೀಸಾಗಿ ಹೇಳಿಬಿಡುತ್ತಾರೆ. ಬಿಟ್ಟು ಬರಬೇಕಾದದ್ದು ಏನು ಅಂತ ಕೇಳುವುದಿಲ್ಲ.

ನೀರು ಇಳಿದ ಮೇಲೆ ಗಂಡ-ಹೆಂಡತಿ ಇಬ್ಬರೂ ಪಾಠ ಕಲಿತರು, ಆದರೆ ಬೇರೆ ಬೇರೆ ಪಾಠ. ಕಾಕಾ ಏಣಿ ಹಾಕಿ ಮೊದಲಿನ ಗೆರೆಯ ಮೇಲೆ, ಕೆಸರಿನ ಗುರುತು ಇದ್ದಲ್ಲಿ, ಹೊಸ ಗೆರೆ ಎಳೆದ. ಪಕ್ಕದಲ್ಲಿ 2019 ಅಂತ ಬರೆದ. ಕಾಕು ತನ್ನ ಹೊರಡುವ ಗುರುತನ್ನು ಒಂದು ಹಂತ ಕೆಳಗೆ ತಂದಳು. ಈಗ ಪಾವಟಿಗೆ ತನಕ ಕಾಯುವುದಿಲ್ಲ. ಗುಡಿ ಕಟ್ಟೆ ಒದ್ದೆಯಾದರೆ ಸಾಕು, ಎಮ್ಮೆ ಮಡ್ಡಿಗೆ. ನೀರು ಎಷ್ಟು ಏರುತ್ತದೆ ಅಂತ ಹೇಳಲು ಆಗುವುದಿಲ್ಲ ಅಂದಮೇಲೆ, ನಾವು ಎಷ್ಟು ಬೇಗ ಏಳುತ್ತೇವೆ ಅನ್ನುವುದೊಂದೇ ನಮ್ಮ ಕೈಯಲ್ಲಿರುವುದು. ನನಗೆ ಕಾಕುವಿನ ಪಾಠವೇ ಸರಿ ಅನಿಸುತ್ತದೆ. ಎರಡೇ ವರ್ಷಕ್ಕೆ, 2021ರ ಜುಲೈನಲ್ಲಿ, ಕೃಷ್ಣೆ ಮತ್ತೆ ಬಂದಳು. ಅವಾಗ ನಮ್ಮ ಮನೆಯಲ್ಲಿ ಹೇಳಿಕೊಳ್ಳುವಂಥ ಕಥೆಯೇ ನಡೆಯಲಿಲ್ಲ.

ಬೆಟ್ಟದವರಿಗೆ ಪಾವಟಿಗೆ ಇಲ್ಲ

ಇದನ್ನೆಲ್ಲ ಒಮ್ಮೆ ಮಡಿಕೇರಿ ಕಡೆಯ ಗೆಳತಿಗೆ ಹೇಳಿದೆ. "ನಿಮಗೆ ಹೊಳೆ ಎರಡು ದಿನ ಮುಂಚೆ ಹೇಳಿ ಬರುತ್ತೆ ಮಾರಾಯ್ತಿ, ನಮ್ಮ ಬರೆ ಹೇಳಲ್ಲ" ಅಂದಳು. ಬರೆ ಅಂದರೆ ಗುಡ್ಡದ ಇಳಿಜಾರು. ನಿಜ. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜಾರಿದಾಗ ಜನಕ್ಕೆ ಸಿಕ್ಕಿದ್ದು ನಿಮಿಷಗಳು. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಂತು. ಅದೇ ತಿಂಗಳ 30ಕ್ಕೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಮಧ್ಯರಾತ್ರಿ, ಎಲ್ಲರೂ ಮಲಗಿದ್ದಾಗ. ಇಂಥಲ್ಲಿ ನೀರಿನ ಮಟ್ಟ ನೋಡುತ್ತ ಕೂರಲು ಆಗುವುದಿಲ್ಲ. ಗುರುತು ಬೇರೆ ಬೇಕು.

ಅವಳ ಅಪ್ಪನ ಹತ್ತಿರ ಆ ಗುರುತು ಇತ್ತು. ಕಾಫಿ ತೋಟದವರು ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಅಳೆಯುತ್ತಾರೆ, ದಿನಾ ಬೆಳಿಗ್ಗೆ ಪುಸ್ತಕದಲ್ಲಿ ಬರೆದಿಡುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟಾಯಿತು ಅಂತ ನೋಡಲು ಇಟ್ಟ ಮಾಪಕವೇ ಈಗ ಅವರ ಮನೆಯ ಅಲಾರಂ. ಹವಾಮಾನ ಇಲಾಖೆ ಒಂದೇ ದಿನಕ್ಕೆ 204.4 ಮಿ.ಮೀ. ದಾಟಿದರೆ 'ಅತ್ಯಂತ ಭಾರಿ ಮಳೆ' ಅನ್ನುತ್ತದೆ. ತೋಟದವರ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಎಂಟು ಇಂಚು. ಇವರು ಅಷ್ಟರವರೆಗೆ ಕಾಯುವುದಿಲ್ಲ. ಎರಡು ದಿನ ಒಂದೇ ಸಮನೆ ಐದೈದು ಇಂಚು ಹೊಯ್ದರೆ, ಮೂರನೇ ರಾತ್ರಿ ಮನೆಯಲ್ಲಿ ಮಲಗುವುದಿಲ್ಲ. ಅಂಗಳದಲ್ಲಿ ಹೊಸ ಬಿರುಕು ಕಂಡರೆ, ಒರತೆ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಮರ ವಾಲಿದರೆ, ಸರಿಯಾಗಿದ್ದ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳತೊಡಗಿದರೆ ಮಾಪಕ ನೋಡುವುದೂ ಇಲ್ಲ, ಆಗಿಂದಾಗ ಹೊರಡುವುದೇ.

"ಕಷ್ಟ ಯಾವುದು ಗೊತ್ತಾ? ಹೋಗೋದಲ್ಲ. ಏನೂ ಆಗದೆ ವಾಪಸ್ ಬರೋದು" ಅಂದಳು ಅವಳು. ಚಾಪೆ-ದಿಂಬು ಹೊತ್ತುಕೊಂಡು ನೆಂಟರ ಮನೆಗೆ ಹೋಗುತ್ತಾರೆ, ಬೆಳಿಗ್ಗೆ ಬಿಸಿಲು. ಪಕ್ಕದ ತೋಟದವರು ನಗುತ್ತಾರೆ. ಮುಂದಿನ ಸಲ ಹೊರಡಲು ನಾಚಿಕೆ. ನನಗನಿಸುತ್ತದೆ, ಗುರಿ ಬರೆಯುವಾಗಲೇ ಇದನ್ನೂ ಸೇರಿಸಿಕೊಳ್ಳಬೇಕು: ಹತ್ತು ಸಲ ಹೋದರೆ ಒಂಬತ್ತು ಸಲ ಸುಮ್ನೆ ಹೋಗಿ ಬಂದ ಹಾಗೆಯೇ ಆಗುತ್ತದೆ, ಅದು ಸೋಲಲ್ಲ. ಅವರ ಮನೆಯಲ್ಲಿ ಈಗ ಆ ರಾತ್ರಿಗಳನ್ನು 'ಚಿಕ್ಕಮ್ಮನ ಮನೆ ರಾತ್ರಿ' ಅಂತ ಕರೆಯುತ್ತಾರೆ. ಅಕ್ಕಿ ರೊಟ್ಟಿ, ಕಾರ್ಡ್ಸ್ ಆಟ. ಮಕ್ಕಳು ಮಳೆ ಜಾಸ್ತಿ ಬಂದರೆ ತಾವೇ ಬ್ಯಾಗ್ ತುಂಬುತ್ತಾರಂತೆ.

ಬೇಸ್‌ಮೆಂಟಿನ ಎಮ್ಮೆ

ಬೆಂಗಳೂರಿನಲ್ಲಿ ನಾವಿರುವುದು ಸರ್ಜಾಪುರ ರಸ್ತೆ ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ. ಕೆರೆಯ ಕೆಳಭಾಗ. ಕಟ್ಟಿದವರು ಅದನ್ನು 'ಲೇಕ್ ವ್ಯೂ' ಅಂತ ಮಾರಿದರು. ಅವರು ಸುಳ್ಳು ಹೇಳಲಿಲ್ಲ ಬಿಡಿ, 2022ರ ಸೆಪ್ಟೆಂಬರ್ 4ರ ರಾತ್ರಿ ಕೆರೆ ನೋಡಲು ಬಾಲ್ಕನಿಗೂ ಹೋಗಬೇಕಾಗಲಿಲ್ಲ. ಅವತ್ತು ಊರಲ್ಲಿ 131.6 ಮಿ.ಮೀ. ಮಳೆ ದಾಖಲಾಯಿತು. ಬೆಳಿಗ್ಗೆ ಟ್ರ್ಯಾಕ್ಟರ್‌ನಲ್ಲಿ ಆಫೀಸಿಗೆ ಹೋದ ಸಾಫ್ಟ್‌ವೇರ್‌ನವರ ಫೋಟೋ ನೀವೂ ನೋಡಿರುತ್ತೀರಿ.

ನನಗೆ ನೆನಪಿರುವುದು ಅದಕ್ಕೂ ಮುಂಚಿನದು. ರಾತ್ರಿ ಸೆಕ್ಯುರಿಟಿಯವನು ಮನೆ ಮನೆಗೆ ಬೆಲ್ ಒತ್ತಿದ. ಬಾಗಿಲು ತೆರೆದ ಎಲ್ಲ ಗಂಡಸರ ಕೈಯಲ್ಲೂ ಕಾರಿನ ಕೀ. ನನ್ನ ಗಂಡನೂ ಲುಂಗಿ ಎತ್ತಿ ಕಟ್ಟಿಕೊಂಡು ಹೊರಟರು. ಇಪ್ಪತ್ತು ವರ್ಷದ ಸಾಲ ಮನೆಗೆ, ಏಳು ವರ್ಷದ್ದು ಕಾರಿಗೆ. ನಿಂತು ಯೋಚಿಸುವವರು ಯಾರು? ರ‍್ಯಾಂಪಿನ ಮೇಲಿನಿಂದ ನೀರು ಸುರಿಯುತ್ತಿತ್ತು, ಕೆಳಗೆ ಟ್ಯೂಬ್‌ಲೈಟ್ ಇನ್ನೂ ಉರಿಯುತ್ತಿತ್ತು. ಸೆಕ್ಯುರಿಟಿಯವನು ರಾಯಚೂರು ಕಡೆಯವನು, ರ‍್ಯಾಂಪಿಗೆ ಅಡ್ಡ ನಿಂತ. "ಸಾರ್, ಕರೆಂಟ್ ಐತಿ ಕೆಳಗ. ಇಳೀಬ್ಯಾಡ್ರಿ." ಮೇನ್ ಸ್ವಿಚ್ ಎಲ್ಲಿದೆ ಅಂತ ಕೇಳಿದರೆ ಅದೂ ಬೇಸ್‌ಮೆಂಟಿನಲ್ಲೇ. ಬೈಗುಳ ತಿಂದ, ತಳ್ಳಿಸಿಕೊಂಡ, ಜರುಗಲಿಲ್ಲ. ಯಾರೋ ವಿದ್ಯುತ್ ಕಂಪನಿಯ 1912ಕ್ಕೆ ಫೋನ್ ಮಾಡಿ ಇಡೀ ಬೀದಿಯ ಕರೆಂಟ್ ತೆಗೆಸಿದರು. ಅಷ್ಟರಲ್ಲಿ ಕಾರುಗಳ ಬಾನೆಟ್ ಮುಳುಗಿತ್ತು.

ಆಗ ನನಗೆ ಕಂಡಿದ್ದು ಕಾಕಾನ ಎಮ್ಮೆ. ಮನುಷ್ಯನನ್ನು ಅಪಾಯದ ಕಡೆಗೆ ಎಳೆಯುವ ವಸ್ತು ಪ್ರತಿ ಮನೆಯಲ್ಲೂ ಒಂದಿರುತ್ತದೆ. ಊರಲ್ಲಿ ಅದಕ್ಕೆ ಕೊಂಬಿರುತ್ತದೆ, ಇಲ್ಲಿ ಇಎಂಐ ಇರುತ್ತದೆ. ಉತ್ಪ್ರೇಕ್ಷೆ ಅಂತ ಅಂದುಕೊಳ್ಳಬೇಡಿ. 2024ರ ಜುಲೈನಲ್ಲಿ ದೆಹಲಿಯ ಹಳೆ ರಾಜಿಂದರ್ ನಗರದ ಕೋಚಿಂಗ್ ಸೆಂಟರಿನ ಬೇಸ್‌ಮೆಂಟಿಗೆ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತರು. 2025ರ ಮೇನಲ್ಲಿ ನಮ್ಮ ಬಿಟಿಎಂ ಲೇಔಟ್ ಕಡೆಯೇ ಅಪಾರ್ಟ್‌ಮೆಂಟಿನ ನೀರು ಹೊರಹಾಕಲು ಹೋಗಿ ಕರೆಂಟ್ ಹೊಡೆದು ಇಬ್ಬರು ಹೋದರು, ಅದರಲ್ಲೊಬ್ಬ ಚಿಕ್ಕ ಹುಡುಗ. ಹಾಗಾಗಿ ತಯಾರಿಯ ಗುರಿ ಬರೆಯಲು ಕೂತರೆ ಮೊದಲು ಕೇಳಬೇಕಾದ ಪ್ರಶ್ನೆ ಬ್ಯಾಗಿನಲ್ಲಿ ಏನಿಡಬೇಕು ಅನ್ನುವುದಲ್ಲ. ಯಾವುದನ್ನು ಬಿಡಲಾರದೆ ನಮ್ಮನೆಯವರು ನಿಂತುಬಿಡುತ್ತಾರೆ? ಅದನ್ನು ಮೊದಲು ಹೊರಗೆ ಕಳಿಸುವುದು ಹೇಗೆ?

2022ರ ಆ ಮಳೆಯ ಇನ್ನೊಂದು ತಮಾಷೆ. ಊರೆಲ್ಲ ನೀರು, ನಲ್ಲಿಯಲ್ಲಿ ನೀರಿಲ್ಲ. ಮಳವಳ್ಳಿ ಹತ್ತಿರದ ತೊರೆಕಾಡನಹಳ್ಳಿಯ ಕಾವೇರಿ ಪಂಪ್‌ಹೌಸೇ ಮುಳುಗಿತ್ತು. ನಮ್ಮ ನೆಲದಡಿಯ ನೀರಿನ ಸಂಪ್‌ಗೆ ಚರಂಡಿ ನೀರು ಸೇರಿತ್ತು. ಟ್ಯಾಂಕರ್ ಒಳಗೆ ಬರಲು ದಾರಿ ಇಲ್ಲ. ಫ್ರಿಜ್‌ನಲ್ಲಿ ಅತ್ತೆಯವರ ಇನ್ಸುಲಿನ್, ಕರೆಂಟ್ ಯಾವಾಗ ಬರುತ್ತದೋ ಗೊತ್ತಿಲ್ಲ. ಅವರೇ ಬಾಲ್ಕನಿಯ ಖಾಲಿ ಮಡಕೆ ತಂದು, ಹೊರಗೆ ಒದ್ದೆ ಬಟ್ಟೆ ಸುತ್ತಿ, ಒಳಗೆ ಔಷಧಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಟ್ಟರು. ಡಾಕ್ಟರಿಗೆ ಫೋನ್ ಮಾಡಿದಾಗ ಅದೇ ಸರಿ ಅಂದರು.

ಕಪಾಟಿನ ಬಾಗಿಲ ಮೇಲೆ

ನಮ್ಮನೆಯ ಗುರಿಗಳು ಈಗ ಅಡುಗೆಮನೆ ಕಪಾಟಿನ ಬಾಗಿಲ ಒಳಮೈಯಲ್ಲಿವೆ. ಸಾಸಿವೆ ಡಬ್ಬಿ ತೆಗೆಯುವಾಗೆಲ್ಲ ಕಣ್ಣಿಗೆ ಬೀಳುತ್ತವೆ. ಎಲ್ಲ ಕಾಕುವಿನ ಅಚ್ಚಿನಲ್ಲೇ: ಗುರುತು, ಕೆಲಸ, ಹೆಸರು. ಬೆಂಗಳೂರಿಗೆ ಆರೆಂಜ್ ಅಲರ್ಟ್ ಬಂತೋ, ಅವತ್ತು ಸಂಜೆ ಊಟಕ್ಕೆ ಮುಂಚೆ ಕಾರು ಬೇಸ್‌ಮೆಂಟಿನಿಂದ ಮೇಲಿನ ರಸ್ತೆಗೆ. ಹೆಸರು: ಗಂಡ. ಗೇಟಿನ ಹೊಸ್ತಿಲಿಗೆ ನೀರು ಬಂತೋ, ಮನೆಯ ಮೇನ್ ಆಫ್, ಗ್ಯಾಸ್ ರೆಗ್ಯುಲೇಟರ್ ಆಫ್, ಲಿಫ್ಟ್ ಬಂದ್. ಹೆಸರು: ನಾನು. ರ‍್ಯಾಂಪಿನಲ್ಲಿ ನೀರು ಹರಿಯತೊಡಗಿದ ಮೇಲೆ ಯಾರೂ, ಯಾವ ಕಾರಣಕ್ಕೂ, ಕೆಳಗೆ ಇಳಿಯುವಂತಿಲ್ಲ. ಇದಕ್ಕೆ ಹೆಸರಿಲ್ಲ, ಎಲ್ಲರಿಗೂ ಅನ್ವಯ. ಮಗಳಿಗೆ ಒಂದೇ ಕೆಲಸ: ಅಜ್ಜಿಯ ಔಷಧಿ ಡಬ್ಬಿ ಮತ್ತು ಕನ್ನಡಕ. ಅವಳು ಇದನ್ನು ನಮ್ಮೆಲ್ಲರಿಗಿಂತ ಗಂಭೀರವಾಗಿ ತೆಗೆದುಕೊಂಡಿದ್ದಾಳೆ. ಅಜ್ಜಿ ಕನ್ನಡಕ ಎಲ್ಲಿಟ್ಟರು ಅಂತ ದಿನಾ ವಿಚಾರಣೆ ನಡೆಯುತ್ತದೆ.

ನೀರಿನ ಲೆಕ್ಕ ಸುಲಭ. ಕುಡಿಯಲು, ಸ್ವಲ್ಪ ಬೇಯಿಸಲು ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ಹಿಡಿದರೆ ನಾಲ್ಕು ಜನಕ್ಕೆ ಮೂರು ದಿನಕ್ಕೆ 36 ಲೀಟರ್. ಅಂದರೆ 20 ಲೀಟರಿನ ಎರಡು ಕ್ಯಾನ್. ಒಂದು ಖಾಲಿಯಾದ ತಕ್ಷಣ ಇನ್ನೊಂದು ತರಿಸುವ ಬದಲು, ಯಾವಾಗಲೂ ಎರಡು ತುಂಬಿದ್ದು ಇರುವಂತೆ ಒಂದು ಕ್ಯಾನ್ ಜಾಸ್ತಿ ಇಟ್ಟುಕೊಂಡೆವು. ಅಷ್ಟೇ, ಅದಕ್ಕೆ ಬೇರೆ ಖರ್ಚೇ ಆಗಲಿಲ್ಲ. ಕೈಯಲ್ಲಿ ಸ್ವಲ್ಪ ನಗದು, ಅದೂ ನೂರು-ಇನ್ನೂರರ ನೋಟು. ನೆಟ್‌ವರ್ಕ್ ಹೋದರೆ ಹಾಲಿನವನಿಗೆ ಕ್ಯೂಆರ್ ಕೋಡ್ ಯಾಕೆ ಬೇಕು? 112, ಜಿಲ್ಲಾ ವಿಪತ್ತು ಸಹಾಯವಾಣಿ 1077, ಮೂರು ಜನ ನೆಂಟರ ನಂಬರ್ ಇಷ್ಟನ್ನು ಕಾಗದದಲ್ಲಿ ಬರೆದಿದ್ದೇವೆ. ಫೋನ್ ಸತ್ತರೆ ನಮ್ಮ ತಲೆಮಾರಿಗೆ ಗಂಡನ ನಂಬರೂ ನೆನಪಿರುವುದಿಲ್ಲ, ಅಲ್ವಾ?

ಕಾಗದಪತ್ರದ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. ಅದಕ್ಕೆ ಕಾರಣ 2019ರ ನಂತರ ಊರಲ್ಲಿ ನೋಡಿದ್ದು. ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಅಲ್ಪಸ್ವಲ್ಪ ಹಾನಿಯಾದದ್ದಕ್ಕೆ 50 ಸಾವಿರ ಅಂತ ಎ, ಬಿ, ಸಿ ಮಾಡಿತು. ಜಗಳವೆಲ್ಲ ನಡೆದದ್ದು ಯಾವ ಮನೆ ಯಾವ ಅಕ್ಷರಕ್ಕೆ ಅನ್ನುವುದರ ಮೇಲೆ. ಮನೆ ಮೊದಲು ಹೇಗಿತ್ತು ಅಂತ ತೋರಿಸಲು ಯಾರ ಹತ್ತಿರವೂ ಏನೂ ಇರಲಿಲ್ಲ. ಉತಾರ, ಅಂದರೆ ಆಸ್ತಿಯ ದಾಖಲೆ, ಅಜ್ಜನ ಹೆಸರಲ್ಲಿ, ಅಜ್ಜ ತೀರಿಕೊಂಡು ಎಷ್ಟೋ ವರ್ಷ. ಮದುವೆ ಆಲ್ಬಮ್‌ನಲ್ಲಿ ವಧೂವರರ ಹಿಂದೆ ಕಂಡ ಗೋಡೆಯನ್ನು ಸಾಕ್ಷಿಯಾಗಿ ಒಯ್ದವರನ್ನು ನಾನೇ ನೋಡಿದ್ದೇನೆ. ಹಾಗಾಗಿ ಪ್ರತಿ ಮೇ ಕೊನೆಗೆ ಮನೆಯ ನಾಲ್ಕೂ ಗೋಡೆ, ಒಳಗಿನ ಸಾಮಾನು, ಮೀಟರ್, ಎಲ್ಲದರ ಫೋಟೋ ತೆಗೆದು ಊರಿನ ಅಣ್ಣನ ಫೋನಿಗೂ ಕಳಿಸುತ್ತೇನೆ, ಅವನು ತನ್ನ ಮನೆಯದ್ದು ನನಗೆ ಕಳಿಸುತ್ತಾನೆ. ಒಂದೇ ಹೊಳಿ ಇಬ್ಬರ ಫೋನನ್ನೂ ಒಯ್ಯುವುದಿಲ್ಲವಲ್ಲ. ಆಧಾರ್, ಆರ್‌ಸಿ ಡಿಜಿಲಾಕರಿನಲ್ಲಿವೆ. ಉತಾರದ ಹೆಸರು ಬದಲಾಯಿಸುವುದಂತೂ ತಯಾರಿಯೇ. ಯಾವ ಪಟ್ಟಿಯಲ್ಲೂ ಅದನ್ನು ಸೇರಿಸಿದ್ದನ್ನು ನಾನು ನೋಡಿಲ್ಲ.

ವಿಮೆ ಬಗ್ಗೆ ಎರಡೇ ಮಾತು. 2021ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಲ್ಲೂ ಸಿಗುವ 'ಭಾರತ್ ಗೃಹ ರಕ್ಷಾ' ಪಾಲಿಸಿಯಲ್ಲಿ ನೆರೆ, ಭೂಕುಸಿತ ಎರಡೂ ಸೇರಿವೆ. ಕಾರು ನೀರಲ್ಲಿ ನಿಂತಿದ್ದರೆ ಸ್ಟಾರ್ಟ್ ಮಾಡಲೇಬೇಡಿ. ಸ್ಟಾರ್ಟ್ ಮಾಡಿ ಎಂಜಿನ್ ಕೆಟ್ಟರೆ ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಇಲ್ಲದವರಿಗೆ ಸಾಮಾನ್ಯವಾಗಿ ಕಾಸು ಸಿಗುವುದಿಲ್ಲ.

ಇಷ್ಟೆಲ್ಲ ನಮ್ಮ ಬಾಗಿಲ ಒಳಗಿನದು. ಬಾಗಿಲ ಹೊರಗಿನದು ಇನ್ನೂ ಕಗ್ಗಂಟೇ. ಮೇನ್ ಪ್ಯಾನೆಲ್ ಬೇಸ್‌ಮೆಂಟಿನಿಂದ ನೆಲಮಹಡಿಗೆ ತರಬೇಕು ಅಂತ ಅಸೋಸಿಯೇಷನ್ ಮೀಟಿಂಗಿನಲ್ಲಿ ಪ್ರತಿ ಬೇಸಿಗೆಯಲ್ಲೂ ಮಾತು ಬರುತ್ತದೆ. ಖರ್ಚು ಕೇಳಿದ ಮೇಲೆ ದೀಪಾವಳಿ ಆದ ಮೇಲೆ ನೋಡೋಣ ಅಂತ ಮುಂದೆ ಹೋಗುತ್ತದೆ. ದೀಪಾವಳಿ ಹೊತ್ತಿಗೆ ಮಳೆ ನಿಂತಿರುತ್ತದೆ, ಜೊತೆಗೆ ಮಾತೂ. ಸಂಪಿನ ಬಾಯಿ ಎರಡು ಅಡಿ ಎತ್ತರಿಸಿದ್ದು ಒಂದು ಗೆಲುವು. ಆರೆಂಜ್ ಅಲರ್ಟ್ ದಿನ ಎಲ್ಲರೂ ಕಾರನ್ನು ಮೇಲಿನ ರಸ್ತೆಯಲ್ಲಿ ನಿಲ್ಲಿಸುವ ನಿಯಮಕ್ಕೆ ಹೆಚ್ಚಿನವರು ತಲೆ ಆಡಿಸಿದ್ದಾರೆ. ಒಪ್ಪದವರು ನಾಲ್ಕನೇ ಮಹಡಿಯ ಅಂಕಲ್ ಒಬ್ಬರೇ. ಆ ರಸ್ತೆ ತುಂಬ ಮಳೆಮರಗಳಿವೆ. ರಾತ್ರಿಯೆಲ್ಲ ಹಕ್ಕಿ ಹಿಕ್ಕೆ ಹಾಕಿದರೆ ಬೆಳಿಗ್ಗೆ ಕಾರು ಯಾರ್ರೀ ತೊಳೆಯೋದು ಅನ್ನುವುದು ಅವರ ಪ್ರಶ್ನೆ. ಅದಕ್ಕೂ ಒಂದು ಹೆಸರು ಬರೆಯಬೇಕು ಅಂತ ಮುಂದಿನ ಮೀಟಿಂಗಿನ ಅಜೆಂಡಾಕ್ಕೆ ಸೇರಿಸಿದ್ದೇವೆ.